ಹೊಲಿದ ಫೈಲು

ನಮ್ಮ ಊರಿನಲ್ಲಿ ಯಾವ ಮನೆಗೆ ಹೋದರೂ ನಡುಮನೆಯ ಗೋಡೆಯಲ್ಲಿ ಮೊರದಗಲದ ಒಂದು ಗಾಜು ಇರುತ್ತದೆ. ಅದರೊಳಗಿಂದ ಮಾತಾಡುವವಳನ್ನು ಊರವರು ಓದಕ್ಕ ಎನ್ನುತ್ತಾರೆ. ಆಕೆಗೆ ತಾನಾಗಿ ಏನೂ ಗೊತ್ತಿಲ್ಲ. ಬರೆದ ಹಾಳೆಯನ್ನು ಗಾಜಿನ ಮುಂದೆ ಹಿಡಿದರೆ ಓದಿಕೊಳ್ಳುತ್ತಾಳೆ, ಆಮೇಲೆ ಯಾರು ಏನು ಕೇಳಿದರೂ ಅದರಲ್ಲಿ ಇರುವುದನ್ನು ನೋಡಿ ಉತ್ತರ ಹೇಳುತ್ತಾಳೆ. ಇದಕ್ಕೆ ನಾವು ಫೈಲು ಏರಿಸುವುದು ಎನ್ನುತ್ತೇವೆ. ಏರಿಸಿದ ಮೇಲೆ ಹಾಳೆಯ ಮೇಲಿನ ಅಕ್ಷರವೆಲ್ಲ ಹೋಗಿಬಿಡುತ್ತದೆ. ನಮ್ಮ ಹೆಂಗಸರು ಅದೇ ಬಿಳಿ ಹಾಳೆಯಲ್ಲಿ ಸಾಮಾನಿನ ಪಟ್ಟಿ ಬರೆಯುತ್ತಾರೆ, ಮಿಕ್ಕಿದ್ದರಲ್ಲಿ ಬಜ್ಜಿ ಕಟ್ಟುತ್ತಾರೆ. ಮನೆಗೆ ಮೂವತ್ತು ಫೈಲು, ಅಷ್ಟೇ. ಮಹಡಿ ಮನೆಗೂ ಮೂವತ್ತು, ಗುಡಿಸಲಿಗೂ ಮೂವತ್ತು. ಮೂವತ್ತೊಂದನೆಯದನ್ನು ಹಿಡಿದರೆ ಓದಕ್ಕ "ಜಾಗ ಇಲ್ಲ" ಎಂದು ಸುಮ್ಮನಾಗುತ್ತಾಳೆ. ಆಗ ಯಾವುದಾದರೂ ಒಂದನ್ನು ತೆಗೆಯಲೇಬೇಕು. ತೆಗೆದದ್ದು ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಅದನ್ನು ಕೇಳುವ ಅಭ್ಯಾಸವೂ ನಮ್ಮಲ್ಲಿ ಇಲ್ಲ.

ಈ ತೆಗೆಯುವ ಕೆಲಸವೇ ನನ್ನ ಕಸುಬು. ನನ್ನ ಹೆಸರು ಶಾಂತವೀರಯ್ಯ, ಊರಿನ ಬಾಯಲ್ಲಿ ತೆರವಿನ ವೀರಯ್ಯ. ಮನೆಯವರೇ ತೆಗೆಯಬಹುದಲ್ಲ ಎಂದು ನೀವು ಕೇಳಬಹುದು. ತೆಗೆಯಬಹುದು, ಆದರೆ ಆ ಮನೆ ಉಳಿಯುವುದಿಲ್ಲ. ಅತ್ತೆಯ ಹೋಳಿಗೆಯ ಫೈಲನ್ನು ಸೊಸೆ ತೆಗೆದಳೆಂದು ಆರು ವರ್ಷ ಮಾತು ಬಿಟ್ಟವರನ್ನು ನಾನು ಕಂಡಿದ್ದೇನೆ. ಅದಕ್ಕೇ ಹೊರಗಿನವನೊಬ್ಬ ಬೇಕು, ಬೈಸಿಕೊಳ್ಳುವುದಕ್ಕೆ. ನಾನು ಹೋಗಿ ಕುಳಿತು ಫೈಲುಗಳ ಹೆಸರು ಓದಿಸುತ್ತಿದ್ದೆ. ಆ ಹೆಸರುಗಳೋ, ದೇವರೇ ಕಾಪಾಡಬೇಕು. 'ಹೊಸದು', 'ಹೊಸದು ೨', 'ಇದೇ ಸರಿಯಾದದ್ದು', 'ಇದಲ್ಲ ಅದು'. ಮಗುವಿಗೆ ಹೆಸರಿಡಲು ಹದಿನೈದು ದಿನ ಯೋಚಿಸುವ ಜನ ಫೈಲಿಗೆ ಹೆಸರಿಡುವಾಗ ಯಾಕೆ ಹೀಗೆ ಕೈ ಕೊಡವುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು, ಕಾಫಿ ಬರುತ್ತಿತ್ತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟು ಇದೆ. ತೆರವಿನವನು ಫೈಲಿನ ಹೆಸರು ನೋಡಬಹುದು, ಒಳಗಿರುವುದನ್ನು ಓದಬಾರದು. ಮನೆಮನೆಯ ಗುಟ್ಟು ತಿಳಿದುಕೊಂಡು ಓಡಾಡುವವನನ್ನು ಯಾರು ಒಳಗೆ ಬಿಟ್ಟುಕೊಳ್ಳುತ್ತಾರೆ? ನಾನು ಈ ಕಟ್ಟನ್ನು ಒಮ್ಮೆಯೂ ಮುರಿದವನಲ್ಲ. ಮುರಿದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಇನ್ನೊಂದು, ನನಗೆ ಹೊಲಿಗೆ ಬರುತ್ತಿತ್ತು. ಹೊಲಿಗೆ ಎಂದರೆ ಎರಡು ಫೈಲನ್ನು ಸೇರಿಸಿ ಒಂದು ಮಾಡುವುದು. ಯಾವುದನ್ನೂ ಕಳೆಯದೆ ಒಂದು ಜಾಗ ಖಾಲಿಯಾಗುತ್ತದೆ. ಎಲ್ಲರಿಗೂ ಬರುವ ಕೆಲಸವಲ್ಲ, ಒಳಗೇನಿದೆಯೆಂದು ಓದದೆ, ಸಾಲಿನ ಅಳತೆ ನೋಡಿಯೇ ಒಂದರ ಸಾಲಿನ ಪಕ್ಕ ಇನ್ನೊಂದರ ಸಾಲು ಕೂರಿಸಬೇಕು. ಹಾಗೆ ಕೂತ ಮೇಲೆ ಓದಕ್ಕನಿಗೆ ಅದು ಒಬ್ಬರೇ ಬರೆದ ಒಂದೇ ಮಾತು. ಬಿಚ್ಚಿ ಕೊಡು ಎಂದರೆ ಆಕೆಗೂ ಆಗದು, ನನಗೂ ಆಗದು. ಊರಿನಲ್ಲಿ ಆಗ ಹೊಲಿಗೆ ಬಲ್ಲವನು ನಾನೊಬ್ಬನೇ ಇದ್ದೆ, ಅದರ ಜಂಬ ತಲೆಗೆ ಏರಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಹೊಳೆಯ ಲಾಂಚು ನಡೆಸುವ ಗುರುಮಲ್ಲಪ್ಪ ನನ್ನನ್ನು ಕರೆಸಿದ್ದು ಮಳೆಗಾಲ ಮುಗಿದು ಹೊಳೆ ಇಳಿದ ಹೊಸತರಲ್ಲಿ. ಲಾಂಚಿಗೆ ಹೊಸ ಇಂಜಿನ್ನು ತರಿಸಿದ್ದ. ಅದರ ಜೊತೆ ಬಂದ ಪುಸ್ತಕ ಇಟ್ಟಿಗೆಯಷ್ಟು ದಪ್ಪ, ಅದನ್ನು ಓದಕ್ಕನಿಗೆ ಕೊಟ್ಟರೆ ಮಾತ್ರ ಇಂಜಿನ್ನಿನ ಮರ್ಮ ತಿಳಿಯುವುದು. ಮನೆಯಲ್ಲಿ ಮೂವತ್ತೂ ಭರ್ತಿ. "ಏನ್ ಬೇಕಾದ್ರೂ ಮಾಡಿ ವೀರಯ್ಯನೋರೇ, ನಮ್ಮಜ್ಜನ ಔಷಧಿ ಫೈಲು ಮಾತ್ರ ಮುಟ್‌ಬೇಡಿ, ಜಮೀನಿಂದೂ ಮುಟ್‌ಬೇಡಿ" ಎಂದ. ಹೀಗೆ ಮುಟ್ಟಬೇಡಿ ಮುಟ್ಟಬೇಡಿ ಎನ್ನುತ್ತಾ ಇಪ್ಪತ್ತೆಂಟು ಮುಗಿಸಿದ. ನಾನು ನಕ್ಕು, "ಒಂದನ್ನೂ ತೆಗೀದೆ ಜಾಗ ಮಾಡಿಕೊಡ್ತೀನಿ, ನೋಡ್ತಾ ಇರು" ಎಂದೆ.

ಆ ಮನೆಯ ವಿಷಯ ಸ್ವಲ್ಪ ಹೇಳಬೇಕು. ಗುರುಮಲ್ಲಪ್ಪನ ಮೊದಲ ಹೆಂಡತಿ ವನಮಾಲ. ಮಗಳು ಪ್ರಭಾಮಣಿಗೆ ಮೂರು ವರ್ಷ ತುಂಬುವಾಗ ಕಾಯಿಲೆಯಿಂದ ತೀರಿಕೊಂಡಳು. ಹಾಸಿಗೆ ಹಿಡಿದಿದ್ದ ಎರಡು ತಿಂಗಳಲ್ಲಿ ದಿಂಬಿಗೆ ಒರಗಿಕೊಂಡು ಮಗಳಿಗಾಗಿ ಒಂದಷ್ಟು ಬರೆದು ಏರಿಸಿ ಹೋಗಿದ್ದಳು. ಮಣಿಗೆ ಐದಾದಾಗ ಗುರುಮಲ್ಲಪ್ಪ ಸರ್ವಮಂಗಳೆಯನ್ನು ಮದುವೆಯಾದ. ತುಂಬ ಮೆತ್ತನೆಯ ಹೆಂಗಸು, ಬಾಗಿಲಲ್ಲಿ ನಿಂತು ಮಾತಾಡುವಾಗಲೂ ಕದವನ್ನು ಹಿಡಿದುಕೊಂಡಿರುತ್ತಿದ್ದಳು. ಹೊಸದಾಗಿ ಬಂದ ಸೊಸೆಗೆ ಒಂದು ಜಾಗ ಬಿಟ್ಟುಕೊಡುವುದು ನಮ್ಮಲ್ಲಿ ಪದ್ಧತಿ, ಅವಳು ತವರಿನ ಅಡುಗೆಯನ್ನೋ ಹಾಡನ್ನೋ ಅದರಲ್ಲಿ ಏರಿಸುತ್ತಾಳೆ. ಸರ್ವಮಂಗಳೆಗೂ ಕೊಟ್ಟಿದ್ದರು. ಆಕೆ ಏನು ಏರಿಸಿದಳೆಂದು ಯಾರೂ ಕೇಳಿರಲಿಲ್ಲ. ನಾನು ಹೋದ ದಿನ ಆಕೆ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು.

ಹೆಸರುಗಳನ್ನು ಓದಿಸಿದೆ. ಹನ್ನೆರಡನೆಯದು 'ಮಗುವಿಗೆ'. ಇಪ್ಪತ್ತೊಂಬತ್ತನೆಯದು 'ಮಗುವಿಗೆ ೨'. ನನಗೆ ಎಲ್ಲ ತಿಳಿದುಹೋಯಿತು. ಕಾಯಿಲೆಯ ಹೆಂಗಸು, ಒಂದೇ ಸಲಕ್ಕೆ ಬರೆಯಲಾಗದೆ ಎರಡು ಸಲಕ್ಕೆ ಏರಿಸಿದ್ದಾಳೆ, ಪಾಪ, ಒಂದು ಜಾಗ ದಂಡ ಮಾಡಿದ್ದಾಳೆ ಎಂದುಕೊಂಡೆ. ಊರೆಲ್ಲ ಹಾಗೆಯೇ ತಾನೆ ಹೆಸರಿಡುವುದು. "ಇವೆರಡೂ ಒಂದೇ ಬರವಣಿಗೆ ಅಪ್ಪಾ, ಹೊಲಿದುಬಿಡ್ಲಾ?" ಎಂದೆ. ಗುರುಮಲ್ಲಪ್ಪ ಇಂಜಿನ್ನಿನ ಪುಸ್ತಕದ ಚಿತ್ರಗಳಲ್ಲಿ ಮುಳುಗಿದ್ದವನು ತಲೆ ಎತ್ತದೆ "ನಿಮಗೆ ತಿಳಿದಂಗೆ ಮಾಡಿ" ಎಂದ. ಹೊಲಿಗೆಗೆ ಮುಂಚೆ ಓದಕ್ಕ ಒಂದು ಪ್ರಶ್ನೆ ಕೇಳುತ್ತಾಳೆ. ಅವತ್ತೂ ಕೇಳಿದಳು. "ಇವೆರಡೂ ಒಬ್ಬರ ಮಾತೋ?" ನಾನು "ಹೌದು" ಎಂದೆ. ಎಷ್ಟು ಸಲೀಸಾಗಿ ಹೇಳಿದೆನೆಂದರೆ, ಹೇಳುವಾಗ ಕಾಫಿ ಲೋಟವನ್ನೂ ಕೆಳಗಿಟ್ಟಿರಲಿಲ್ಲ.

ಹೊಲಿಗೆ ಅಂದವಾಗಿ ಬಂತು. ಇಂಜಿನ್ನಿನ ಪುಸ್ತಕ ಏರಿತು. ಮೂರನೆಯ ದಿನ ಲಾಂಚು ಹೊಸ ಸದ್ದು ಮಾಡುತ್ತಾ ಹೊಳೆ ದಾಟಿತು, ನಾನೂ ಹತ್ತಿ ಕೂತು ಆಚೆ ದಡಕ್ಕೆ ಹೋಗಿ ಬಂದೆ.

ನಮ್ಮಲ್ಲಿ ಮಕ್ಕಳು ಎಂಟು ವರ್ಷ ತುಂಬುವವರೆಗೆ ಓದಕ್ಕನ ಹತ್ತಿರ ಮಾತಾಡುವಂತಿಲ್ಲ. ಮಾರನೆಯ ವರ್ಷ ಮಣಿಗೆ ಎಂಟು ತುಂಬಿತು. ತಲೆಗೆ ನೀರು ಹಾಕಿ, ಹೊಸ ಲಂಗ ತೊಡಿಸಿ, ಗಾಜಿನ ಮುಂದೆ ಮಣೆ ಹಾಕಿ ಕೂರಿಸಿದರು. ಅಕ್ಕಪಕ್ಕದ ಹೆಂಗಸರು ಬಂದಿದ್ದರು. ಮಗು ಮೊದಲು ಕೇಳಿದ್ದು, "ನಮ್ಮಮ್ಮ ನನ್ ಬಗ್ಗೆ ಏನ್ ಬರ್ದಿದ್ದಾಳೆ?" ಓದಕ್ಕ ಹೇಳಿದಳು: "ನಿನ್ನಮ್ಮ ಬರೆದಿದ್ದಾಳೆ. ಮಗು ಶಾಲೆಯಲ್ಲಿ ಬೈಸಿಕೊಂಡರೆ ಮನೆಗೆ ಬಂದು ಹೇಳುವುದಿಲ್ಲ, ಬಚ್ಚಲಲ್ಲಿ ಕಾಲು ತೊಳೆಯುತ್ತಾ ಹೊತ್ತು ಕಳೆಯುತ್ತಾಳೆ. ಆಗ ಏನಾಯಿತೆಂದು ಕೇಳಬಾರದು. ಪಕ್ಕದಲ್ಲಿ ನಿಂತು ಚೊಂಬಿನಿಂದ ನೀರು ಹಾಕುತ್ತಾ ಇರಬೇಕು, ಮೂರನೆಯ ಚೊಂಬಿಗೆ ತಾನೇ ಹೇಳುತ್ತಾಳೆ."

ಹೆಂಗಸರು ಬೆರಗಾಗಿ ಮೂಗಿನ ಮೇಲೆ ಬೆರಳಿಟ್ಟುಕೊಂಡರು. ಮೂರು ವರ್ಷದ ಕೂಸನ್ನು ಬಿಟ್ಟುಹೋದವಳಿಗೆ ಅದು ಶಾಲೆಗೆ ಹೋಗಿ ಬೈಸಿಕೊಂಡು ಬರುವುದು ಹೇಗೆ ಗೊತ್ತಾಯಿತು? "ಹೋಗೋ ಜೀವಕ್ಕೆ ಮುಂದಿಂದೆಲ್ಲ ಕಾಣ್ತದಂತೆ ಕಣ್ರೇ" ಎಂದು ಪಕ್ಕದ ಮನೆಯ ದಾಕ್ಷಾಯಣಮ್ಮ ಕಣ್ಣೊರೆಸಿಕೊಂಡಳಂತೆ. ಮಾರನೆಯ ದಿನ ಮಗು ಇನ್ನೊಂದು ಕೇಳಿತು, ಇನ್ನೊಂದು ಉತ್ತರ ಬಂತು. ಹಲ್ಲು ಬಿದ್ದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ, ಕೈ ತೆಗಿ ಎನ್ನಬಾರದು. ಜ್ವರ ಬಂದರೆ ಗೋಡೆ ಕಡೆ ತಿರುಗಿ ಮಲಗುತ್ತಾಳೆ, ಬೆನ್ನ ಮೇಲೆ ಕೈ ಇಟ್ಟಿರಬೇಕು, ಸವರಬಾರದು. ವಾರದೊಳಗೆ ವನಮಾಲಳ ದೂರದೃಷ್ಟಿ ಊರಿನ ಮಾತಾಯಿತು. ದಾಕ್ಷಾಯಣಮ್ಮ ಅವಳ ಫೋಟೋಕ್ಕೆ ದಿನಾ ಒಂದು ಮೊಳ ಹೂವು ತಂದು ಏರಿಸತೊಡಗಿದಳು.

ನಾನು ಈ ಸುದ್ದಿ ಕೇಳಿದ್ದು ಕ್ಷೌರದಂಗಡಿಯಲ್ಲಿ. ಅರ್ಧ ಗಡ್ಡ ಆಗಿತ್ತು. ಸತ್ತವರಿಗೆ ಮುಂದಿನದು ಕಾಣುತ್ತದೆ ಎಂದು ನಂಬುವಷ್ಟು ಒಳ್ಳೆಯವನು ನಾನಲ್ಲ. 'ಮಗುವಿಗೆ ೨' ಬರೆದವಳು ಯಾರೆಂದು ಆ ಕುರ್ಚಿಯಲ್ಲೇ ಹೊಳೆಯಿತು.

ಎರಡು ದಿನ ಬಿಟ್ಟು ಸರ್ವಮಂಗಳೆಯೇ ಬಂದಳು. ನಮ್ಮ ಜಗಲಿಯಲ್ಲಿ ಕೂರೆಂದರೂ ಕೂರಲಿಲ್ಲ, ಕಂಬ ಹಿಡಿದು ನಿಂತಳು. "ಅಣ್ಣಾ, ಮಗುವಿಗೆ ಎರಡು ಅಂತ ಇತ್ತಲ್ಲ, ಅದು ನಾನು ಏರಿಸಿದ್ದು" ಎಂದಳು. "ಗೊತ್ತಾಯ್ತು ತಾಯಿ" ಎಂದೆ. "ನಾನು ಊರಿಂದ ಬಂದಾಗ ಆ ಹೆಸರು ಕಾಣ್ಲಿಲ್ಲ, ತೆಗೆದವ್ರೆ ಅಂದ್ಕೊಂಡೆ. ಹೋಗ್ಲಿ ಬಿಡು ಅಂತ ಸುಮ್ನಾದೆ. ಯಜಮಾನ್ರಿಗೂ ಹೇಳಿರ್ಲಿಲ್ಲ, ನಾಚಿಕೆ." ಮತ್ತೆ ಮುಂದುವರಿಸಿದಳು. "ಮಣಿ ನನ್ ಹತ್ರ ಜಾಸ್ತಿ ಮಾತಾಡಲ್ಲ ಅಣ್ಣಾ. ನಾನೂ ಬಲವಂತ ಮಾಡಿಲ್ಲ. ನೋಡಿದ್ದನ್ನ ಬರೀತಾ ಹೋದೆ. ಎಂಟು ವರ್ಷ ಆದ್ಮೇಲೆ ಅವಳೇ ಕೇಳ್ತಾಳೆ, ಓದಕ್ಕ ಹೇಳ್ತಾಳೆ, ಆಗ ಇವಳೂ ನನ್ನನ್ನ ನೋಡ್ತಿದ್ಲು ಅಂತ ಮಗೂಗೆ ಗೊತ್ತಾಗ್ತದೆ, ಅಷ್ಟೇ ಅಂದ್ಕೊಂಡಿದ್ದೆ."

ಆಕೆ ಜಗಳಕ್ಕೆ ಬಂದಿದ್ದರೆ ನನಗೆ ದಾರಿ ಸುಲಭವಿತ್ತು, ನಾನೂ ಎರಡು ಮಾತು ಜೋರಾಗಿ ಆಡಿ ಕೈ ತೊಳೆದುಕೊಳ್ಳುತ್ತಿದ್ದೆ. ಆಕೆ ಕೇಳಿದ್ದು ಒಂದೇ. "ನೀವು ಬಂದು, ನಾನು ತಪ್ಪಿ ಹೊಲಿದುಬಿಟ್ಟೆ ಅಂತ ಮಗು ಮುಂದೆ ಒಂದು ಮಾತು ಹೇಳ್ಬಿಡಿ. ಯಾವುದು ನಂದು, ಯಾವುದು ಅವಳಮ್ಮಂದು ಅಂತ ನಾನೇ ಬೇರೆ ಮಾಡಿ ಹೇಳ್ತೀನಿ. ಅವಳಮ್ಮಂದು ಒಂದಕ್ಷರ ನನಗೆ ಬೇಡ. ನಾನಾಗಿ ಹೇಳಿದ್ರೆ ಸತ್ತೋಳ ಮಾತನ್ನ ಕದೀತಾವ್ಳೆ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ."

"ಆಗ್ಲಿ ತಾಯಿ, ಬರ್ತೀನಿ" ಎಂದೆ. "ಈ ವಾರ ಬೇಡ, ಮುಂದಿನ ವಾರ."

ನಮ್ಮ ಕಸುಬಿನವನು ತಪ್ಪು ಮಾಡಿದರೆ ಸೋಮವಾರ ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ನಿಂತು ಇಂಥ ಮನೆಯಲ್ಲಿ ಇಂಥ ತಪ್ಪು ಮಾಡಿದೆ ಎಂದು ಮೂರು ಸಲ ಕೂಗಿ ಹೇಳಿ, ಕಸುಬಿನ ಗುರುತಾಗಿ ಕೊರಳಲ್ಲಿರುವ ಹಿತ್ತಾಳೆ ಬಿಲ್ಲೆಯನ್ನು ಬಿಚ್ಚಿಡಬೇಕು. ಆಮೇಲೆ ಅವನನ್ನು ಯಾರೂ ಕರೆಯುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಮೇಲೆ ಒಂದು ದೂರೂ ಇರಲಿಲ್ಲ. ಆ ವರ್ಷವೇ ನನ್ನನ್ನು ಹಿರಿಯ ತೆರವಿನವನೆಂದು ಸನ್ಮಾನಿಸುವ ಮಾತು ನಡೆದಿತ್ತು, ಶಾಲು ಕೂಡ ಬಂದಿತ್ತು ಎಂದು ಯಾರೋ ಹೇಳಿದ್ದರು. ಸನ್ಮಾನ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಮುಗಿಯಿತು. ಶಾಲು ಹೊದ್ದ ಮೇಲೆ ಹೇಳುವುದು ಇನ್ನೂ ಕಷ್ಟ ಎಂದು ನನಗೆ ಮೊದಲು ಹೊಳೆದಿರಲಿಲ್ಲ.

ಸರ್ವಮಂಗಳೆ ಎರಡನೆಯ ಸಲ ಬಂದಳು. ಮಗುವಿಗೆ ಪರೀಕ್ಷೆ ಇದೆ, ಈಗ ಮನಸ್ಸು ಕೆಡಿಸುವುದು ಬೇಡ ಎಂದೆ. ಮೂರನೆಯ ಸಲ ಬಂದಾಗ ನಾನು ಒಳಗಿದ್ದೂ ಇಲ್ಲವೆಂದು ಹೇಳಿಸಿದೆ. ಕಿಟಕಿಯ ಸಂದಿಯಿಂದ ನೋಡಿದೆ, ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಿಸಿಲಲ್ಲಿ ನಿಧಾನವಾಗಿ ಹೋದಳು. ಆಮೇಲೆ ಬರಲಿಲ್ಲ. ಬರಲಿಲ್ಲವಲ್ಲ, ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅಂಥದ್ದನ್ನು ಯಾರೂ ಮರೆಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ.

ವರ್ಷಗಳು ಹೋದವು. ಆ ಮನೆಯ ಸುದ್ದಿ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಮಣಿ ದಿನಾ ಸಂಜೆ ಗಾಜಿನ ಮುಂದೆ ಕೂತು ಅಮ್ಮನ ಮಾತು ಕೇಳುತ್ತಾಳೆ, ಎಲ್ಲ ಬಾಯಿಪಾಠ ಆಗಿದ್ದರೂ ಕೇಳುತ್ತಾಳೆ. ಫೋಟೋದಲ್ಲಿರುವ ಅಮ್ಮನನ್ನು ನೀನು ಎನ್ನುತ್ತಾಳೆ, ಅನ್ನ ಬಡಿಸುವವಳನ್ನು ಚಿಕ್ಕಮ್ಮ, ನೀವು ಎನ್ನುತ್ತಾಳೆ. ಒಂದು ಸಲ ನಾನೇ ಕಣ್ಣಾರೆ ಕಂಡೆ. ಲಾಂಚಿನ ಕಟ್ಟೆಯಲ್ಲಿ ಸರ್ವಮಂಗಳೆ ಬುತ್ತಿ ತಂದು ಕೊಟ್ಟಳು, ಹುಡುಗಿ ಯಾವುದಕ್ಕೋ ಸಿಡುಕಿನಲ್ಲಿದ್ದವಳು, "ನಮ್ಮಮ್ಮ ಇದ್ದಿದ್ರೆ ನಾನು ಹೇಳದೇನೇ ಗೊತ್ತಾಗೋದು. ನಿಮಗೆ ಹೇಳಿದ್ರೂ ಗೊತ್ತಾಗಲ್ಲ" ಎಂದಳು. ಆಗ ಅವಳಿಗೆ ಹದಿಮೂರೋ ಹದಿನಾಲ್ಕೋ. ಸರ್ವಮಂಗಳೆ ಬುತ್ತಿಯ ಗಂಟನ್ನು ಬಿಗಿ ಮಾಡಿ ಕೊಟ್ಟಳು. ನನ್ನ ಕಡೆ ತಿರುಗಿ ನೋಡಲೂ ಇಲ್ಲ. ನೋಡಿದ್ದರೆ ಅವತ್ತೇ ಬಾಯಿ ಬಿಡುತ್ತಿದ್ದೆನೋ ಏನೋ. ಇಲ್ಲ, ಬಿಡುತ್ತಿರಲಿಲ್ಲ, ಯಾಕೆ ಸುಳ್ಳು ಹೇಳಲಿ. ಸರ್ವಮಂಗಳೆ ಅಷ್ಟು ವರ್ಷಗಳಲ್ಲಿ ಎಷ್ಟು ನೋಡಿರಬೇಕು ಆ ಮಗುವನ್ನು, ಬರೆದು ಏರಿಸಲು ಒಂದು ಜಾಗವೂ ಇರಲಿಲ್ಲ. ಇದ್ದ ಒಂದನ್ನು ನಾನು ಇಂಜಿನ್ನಿನ ಪುಸ್ತಕಕ್ಕೆ ಕೊಟ್ಟಿದ್ದೆ.

ಮಣಿಗೆ ಹದಿನೆಂಟು ತುಂಬಿದಾಗ ಹೊಳೆಯಾಚೆಯ ದಾದಿಯರ ಶಾಲೆಯಲ್ಲಿ ಜಾಗ ಸಿಕ್ಕಿತು. ಮನೆ ಬಿಟ್ಟು ಹೋಗುವವರು ಮೂರು ಫೈಲು ಒಯ್ಯಬಹುದೆಂಬುದು ನಮ್ಮ ಊರಿನ ಕಟ್ಟಳೆ, ಒಯ್ದ ಮೇಲೆ ಅವು ಈ ಮನೆಯಲ್ಲಿ ಇರುವುದಿಲ್ಲ. ಅದನ್ನು ಬಿಡಿಸಿಕೊಡುವುದಕ್ಕೆ ತೆರವಿನವನು ಬೇಕು. ಗುರುಮಲ್ಲಪ್ಪ ಹೇಳಿಕಳಿಸಿದ. ನನಗಾಗಲೇ ವಯಸ್ಸಾಗಿತ್ತು, ಬೇರೆಯವರನ್ನು ಕರೆಯಿರಿ ಎನ್ನಬಹುದಿತ್ತು. ಅವತ್ತು ಮಾತ್ರ ಹೋಗಲೇಬೇಕು ಅನ್ನಿಸಿತು. ಇವತ್ತು ಹೇಳದಿದ್ದರೆ ಆ ಫೈಲು ಹೊಳೆ ದಾಟಿಬಿಡುತ್ತದೆ. ಬರುವ ಸೋಮವಾರ ಅರಳಿಕಟ್ಟೆಯ ಮೇಲೆ ನಿಂತು ಬಿಲ್ಲೆ ಬಿಚ್ಚಿಡುತ್ತೇನೆ ಎಂದು ತೀರ್ಮಾನಿಸಿಕೊಂಡೇ ಸ್ನಾನ ಮಾಡಿ ಹೊರಟೆ.

ನಡುಮನೆಯಲ್ಲಿ ಟ್ರಂಕು ತೆರೆದಿತ್ತು. ಸರ್ವಮಂಗಳೆ ಪಕ್ಕದಲ್ಲಿ ಕೂತು ಟವಲ್ಲು ಮಡಿಸುತ್ತಿದ್ದಳು, ಕೂದಲು ಅರ್ಧ ಬೆಳ್ಳಗಾಗಿತ್ತು. ಗುರುಮಲ್ಲಪ್ಪ ಹಗ್ಗ ಹುಡುಕಲು ಹಿತ್ತಲಿಗೆ ಹೋಗಿದ್ದ. ಮಣಿ ನನಗೆ ಮಣೆ ಹಾಕಿ, "ಬನ್ನಿ ತಾತ. ನನಗೆ ಮೂರು ಬೇಡ, ಒಂದು ಸಾಕು. ಹನ್ನೆರಡನೇದು" ಎಂದಳು. ನಾನು ಗಾಜನ್ನು ಮುಟ್ಟಲಿಲ್ಲ. "ಬಿಡಿಸೋಕೆ ಮುಂಚೆ ಒಂದು ಮಾತಿದೆ ಮಗಾ" ಎಂದೆ. ಎಲ್ಲವನ್ನೂ ಹೇಳಿದೆ. ಎರಡು ಫೈಲು ಇದ್ದದ್ದು, ಓದದೆ ಹೊಲಿದದ್ದು, ಓದಕ್ಕ ಕೇಳಿದ್ದು, ನಾನು ಹೌದೆಂದದ್ದು. "ನಿನ್ನಮ್ಮ ಬರೆದದ್ದು ನಿಜ. ಆದ್ರೆ ಬಚ್ಚಲಲ್ಲಿ ಕಾಲು ತೊಳೆಯೋ ಮಾತು, ಹಲ್ಲಿನ ಮಾತು, ಜ್ವರದ ಮಾತು, ನೀನು ದೊಡ್ಡವಳಾಗ್ತಾ ಇದ್ದಾಗಿನ ಮಾತೆಲ್ಲ ನಿಮ್ಮ ಚಿಕ್ಕಮ್ಮನದು. ಹತ್ತು ವರ್ಷದ ಹಿಂದೆ ಇವರು ನನ್ನ ಮನೆಗೆ ಮೂರು ಸಲ ಬಂದು ಬೇಡಿಕೊಂಡ್ರು. ನಾನು ಹೇಡಿ, ಬರಲಿಲ್ಲ." ಪೂರ್ತಿ ಹೇಳಿ ಮುಗಿಸಿದೆ.

ಮಣಿಯ ಮುಖದಲ್ಲಿದ್ದ ಬಣ್ಣವೆಲ್ಲ ಇಳಿದುಹೋಯಿತು. ಗೋಡೆಗೆ ಕೈ ಕೊಟ್ಟು ನಿಂತಳು. ನಾನು ಅವಳನ್ನು ಅಷ್ಟು ಚಿಕ್ಕವಳಾಗಿ ಎಂದೂ ಕಂಡಿರಲಿಲ್ಲ, ಎಂಟು ವರ್ಷದವಳಿದ್ದಾಗಲೂ. ಅವಳು ಸರ್ವಮಂಗಳೆಯ ಕಡೆ ತಿರುಗಿದಳು. "ಚಿಕ್ಕಮ್ಮ, ಹೌದಾ? ಅದೆಲ್ಲ ನೀವು ಬರೆದದ್ದಾ?"

ಸರ್ವಮಂಗಳೆ ಟವಲ್ಲಿನ ನಾಲ್ಕನೆಯ ಮಡಿಕೆ ಮಾಡಿ, ಕೈಯಿಂದ ಒತ್ತಿ, ಟ್ರಂಕಿನಲ್ಲಿಟ್ಟಳು. ಹುಡುಗಿಯ ಮುಖವನ್ನು ನೋಡಿದಳು. ಆ ನೋಟವನ್ನು ನಾನು ಇಲ್ಲಿ ಬರೆಯಲಾರೆ. "ಇಲ್ಲಮ್ಮಾ" ಎಂದಳು. "ನಾನೆಲ್ಲಿ ಬರೀಲಿ, ನನಗೇನ್ ಗೊತ್ತಿತ್ತು. ಎಲ್ಲಾ ನಿಮ್ಮಮ್ಮ ಬರೆದದ್ದೇ. ವೀರಯ್ಯನೋರಿಗೆ ವಯಸ್ಸಾಯ್ತು, ಯಾವ್ದೋ ಮನೆ ವಿಷಯ ಇಲ್ಲಿಗೆ ತಂದವ್ರೆ. ನೀನು ಹೊರಡು, ಲಾಂಚಿಗೆ ಹೊತ್ತಾಗ್ತದೆ."

"ತಾಯೀ!" ಎಂದೆ. ಆಕೆ ನನ್ನತ್ತ ಕೈ ಮುಗಿದಳು. ಬಾಯಿ ಮುಚ್ಚಿಕೊಳ್ಳಿ ಎಂದು ಬೇಡುವ ಕೈ ಅದು. ನಾನು ಮುಚ್ಚಿಕೊಂಡೆ.

ಮಣಿ ಉಸಿರು ಬಿಟ್ಟಳು. ಕಣ್ಣು ಒರೆಸಿಕೊಂಡು ನಗುವುದಕ್ಕೆ ನೋಡಿದಳು. ನಾನು ಫೈಲು ಬಿಡಿಸಿಕೊಟ್ಟೆ, ಗುರುಮಲ್ಲಪ್ಪ ಟ್ರಂಕಿಗೆ ಹಗ್ಗ ಬಿಗಿದ. ಲಾಂಚಿನ ಕಟ್ಟೆಯವರೆಗೆ ಎಲ್ಲರೂ ಹೋದೆವು. ಲಾಂಚಿಗೆ ಹತ್ತುವ ಮುಂಚೆ ಹುಡುಗಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಮನಸ್ಸಿನಲ್ಲಿ ಕಹಿಯಿರಲಿಲ್ಲ, ವಯಸ್ಸಾದವರ ಮೇಲೆ ಮಕ್ಕಳಿಗೆ ಇರುವ ಕರುಣೆಯಿತ್ತು. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ನೋಡಿದ್ರಾ ತಾತ, ನಮ್ ಚಿಕ್ಕಮ್ಮ ಎಷ್ಟು ನೇರ. ಬೇರೆ ಯಾರಾದ್ರೂ ಆಗಿದ್ರೆ, ಹೌದು ನಂದೇ ಅಂದುಬಿಡೋರು. ನಾನೇ ಅವರನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ." ಇಷ್ಟು ಹೇಳಿ ಹತ್ತಿ ಹೋದಳು. ಅಪ್ಪನ ಪಕ್ಕ ಇಂಜಿನ್ನಿನ ಹತ್ತಿರ ಕೂತು, ಲಾಂಚು ನಡುನೀರಿಗೆ ಹೋಗುವವರೆಗೂ ಕೈ ಬೀಸುತ್ತಿದ್ದಳು.

ನಾವಿಬ್ಬರೇ ಉಳಿದೆವು. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ನಾನು ಬಿಲ್ಲೆ ಬಿಚ್ಚಿಡುವವನಿದ್ದೆ, ಹೇಡಿ ಅಂತ ನಾನೇ ಒಪ್ಪಿಕೊಂಡೆನಲ್ಲ ಎಂದೆ. ಸರ್ವಮಂಗಳೆ ಹೊಳೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಅವಳು ಹತ್ತು ವರ್ಷ ಅದನ್ನ ಹಿಡ್ಕೊಂಡು ಬೆಳೆದವ್ಳೆ ಅಣ್ಣಾ. ಒಬ್ಳೇ ಹೊರಡೋ ದಿನ ಅರ್ಧ ಕಿತ್ಕೊಂಡು ಕಳಿಸ್ಲಾ? ಆಗ ಅವಳಿಗೆ ಅಮ್ಮನೂ ಅರ್ಧ ಆಗ್ತಾಳೆ, ನಾನೂ ಪೂರ್ತಿ ಆಗಲ್ಲ." ಕ್ಷಮಿಸು ತಾಯಿ ಎಂದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಎಂಟು ವರ್ಷದವಳಿದ್ದಾಗ ಹೇಳಿದ್ರೆ ಒಂದಿನ ಅಳೋಳು, ಎರಡು ದಿನ ನನ್ ಮೇಲೆ ಮುನಿಸ್ಕೊಳೋಳು. ಮೂರನೇ ದಿನ ಬಚ್ಚಲಲ್ಲಿ ನೀರು ಹಾಕ್ತಿರೋಳು ಯಾರು ಅಂತ ತಿರುಗಿ ನೋಡೋಳು. ಅಷ್ಟಕ್ಕೇ ನಾನು ನಿಮ್ಮ ಮನೆಗೆ ಬಂದಿದ್ದು" ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆಕೆ ದಾರಿ ಕೇಳಿದವರಿಗೆ ದಾರಿ ಹೇಳುವಷ್ಟು ಸಮಾಧಾನವಾಗಿ ಹೇಳಿದಳು. ಆಮೇಲೆ, ಬಿಸಿಲು ಏರ್ತಾ ಇದೆ, ಹುಷಾರಾಗಿ ಹೋಗಿ ಅಣ್ಣಾ ಎಂದು ಮನೆಯ ಕಡೆ ತಿರುಗಿದಳು.

ಸೋಮವಾರ ನಾನು ಅರಳಿಕಟ್ಟೆ ಹತ್ತಲಿಲ್ಲ. ಹತ್ತಿ ಕೂಗಿದರೆ ಆಕೆಯನ್ನು ಸುಳ್ಳಿ ಮಾಡಿದಂತಾಗುತ್ತಿತ್ತು, ಹೊಳೆಯಾಚೆಗೂ ಮಾತು ಮುಟ್ಟುತ್ತಿತ್ತು. ಹತ್ತು ವರ್ಷ ಹೆದರಿಕೆಯಿಂದ ಮುಚ್ಚಿಟ್ಟದ್ದನ್ನು ಈಗ ಆಕೆಗಾಗಿ ಮುಚ್ಚಿಡಬೇಕಾಗಿದೆ. ನೋಡುವವರಿಗೆ ಎರಡೂ ಒಂದೇ.